ಬಾವಲಿ ‘ವಾಹಕ’ವೇ, ‘ನೆಲೆ’ಯೇ?

ಬಲ್ಲವರಿಗೆ ನಮಸ್ಕಾರ. ಒಂದು ಪದದ ವಿಚಾರಕ್ಕೆ ತೊಡಕಿನಲ್ಲಿದ್ದೇನೆ.

ಕಳೆದ ಮಳೆಗಾಲದ ಆರಂಭದಲ್ಲಿ ಪೆರ್ಲದ ಕಡೆಯ ನಮ್ಮ ಮನೆಗೆ ಇಲಿ ಜ್ವರದ ಕುರಿತು ಒಂದು ಕರಪತ್ರ ಬಂತು. ಕಾಸರಗೋಡಿನ ವಾಡಿಕೆಯಂತೆ ಒಂದು ಮಗ್ಗುಲು ಮಲಯಾಳ, ಇನ್ನೊಂದು ಮಗ್ಗುಲು ಕನ್ನಡ. ಅಚ್ಚು ಹಾಕಿಸಿದವರು ಯಾರೆಂಬುದು ಇಲ್ಲಿ ಬೇಡ. ಮಲಯಾಳದಲ್ಲಿ ‘ರೋಗಾಣುಕ್ಕಳುಡೆ ವಾಹಕರಾಯ ವವ್ವಾಲುಕಳ್’ ಎಂದಿದ್ದುದು ಕನ್ನಡಕ್ಕೆ ಬರುವಾಗ ‘ವೈರಾಣುಗಳ ವಾಹಕರಾದ ಬಾವಲಿಗಳು’ ಆಗಿತ್ತು. ವಾಹಕರಾದ! ಖಾಕಿ ಅಂಗಿ ತೊಟ್ಟು ಹೆಗಲಿಗೆ ಟಿಕೆಟಿನ ಚೀಲ ಹಾಕಿಕೊಂಡ ಬಾವಲಿಗಳು ನನ್ನ ಕಣ್ಣ ಮುಂದೆ ಬಂದವು.

ಬಹುವಚನದ ಎಡವಟ್ಟನ್ನು ನಕ್ಕು ಬಿಡಬಹುದು. ‘ವೈರಾಣು’ವನ್ನು ಬಿಡುವಂತಿಲ್ಲ. ಮಲಯಾಳದ ‘ರೋಗಾಣು’ ಯಾವ ಸೂಕ್ಷ್ಮಜೀವಿಗೂ ಸಲ್ಲುವ ಮಾತು. ನಮ್ಮ ‘ವೈರಾಣು’ ವೈರಸ್‌ಗೆ ಮಾತ್ರ. ಇಲಿ ಜ್ವರ ಬರುವುದು ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾದಿಂದ. ಗದ್ದೆ, ತೋಟ, ಚರಂಡಿಯ ಕೆಸರಿಗೆ ಇಳಿಯುವವರಿಗೆ ಕೇರಳದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರಲ್ಲ, ಅದು ಬ್ಯಾಕ್ಟೀರಿಯಾಕ್ಕೆ ನಾಟುವ ಮದ್ದು, ವೈರಸ್‌ಗೆ ಅಲ್ಲ. ಮದ್ದೇ ಬೇರೆಯಾಗುವ ಜಾಗದಲ್ಲಿ ಹೆಸರು ಒಂದೇ ಆದರೆ ಓದುವವನ ಗತಿ ಏನು? 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡಾಗ ‘ಬಾವಲಿ ಜ್ವರ’ ಎಂಬ ಹೆಸರು ಹಬ್ಬಿತು. ಅದು ನಿಜವಾಗಿಯೂ ವೈರಸ್. ಅಂದಿನಿಂದ ಬಾವಲಿ ಎಂದೊಡನೆ ವೈರಾಣು ಎಂದು ಬರೆಯುವುದು ಕೈಗೆ ಅಭ್ಯಾಸವಾದಂತಿದೆ. ಆ ವರ್ಷ ನಮ್ಮ ಮನೆಯಲ್ಲಿ ಬಾವಲಿ ಚೀಪಿ ಬೀಳಿಸಿದ ಅಡಕೆ ಹೆಕ್ಕಲು ಯಾರೂ ಬಗ್ಗಲಿಲ್ಲ.

ಈಗ ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. ‘ವಾಹಕ’ ಎಂಬ ಒಂದೇ ಪದದ ಮೇಲೆ ನಾವು ಮೂರು ಹೊರೆ ಹೊರಿಸಿದ್ದೇವೆ. ಮಲೇರಿಯಾದ ಸೊಳ್ಳೆ ವಾಹಕ. ತನಗೆ ಏನೂ ಆಗದೆ ಟೈಫಾಯ್ಡ್ ಹರಡುತ್ತಿರುವ ಅಡುಗೆಯವನೂ ವಾಹಕ. ರೋಗಾಣು ತಲೆಮಾರುಗಳಿಂದ ಮನೆ ಮಾಡಿಕೊಂಡಿರುವ ಕಾಡುಪ್ರಾಣಿಯೂ ವಾಹಕ. ಸೊಳ್ಳೆ ಒಬ್ಬನಿಂದ ಹೀರಿ ಇನ್ನೊಬ್ಬನಿಗೆ ಚುಚ್ಚುತ್ತದೆ, ಆದ್ದರಿಂದ ಅದು ಹೊತ್ತು ತರುತ್ತದೆ ಎನ್ನಬಹುದು. ಬಾವಲಿ ಹೊತ್ತು ತರುವುದಿಲ್ಲ, ಹೊತ್ತಿರುತ್ತದೆ. ಲೆಪ್ಟೊಸ್ಪೈರಾ ಬಾವಲಿಯ ಮೂತ್ರಪಿಂಡದಲ್ಲಿ ಸುಮ್ಮನೆ ಕುಳಿತಿರುತ್ತದೆ; ಮೂತ್ರದ ಜತೆ ಹೊರಬಿದ್ದು ಒದ್ದೆ ನೆಲದಲ್ಲಿ, ನೀರಿನಲ್ಲಿ ಕಾಯುತ್ತದೆ; ಒಡೆದ ಹಿಮ್ಮಡಿಯೋ ಗೀರಿದ ಕೈಯೋ ಸಿಕ್ಕಿದರೆ ಒಳಹೊಗುತ್ತದೆ. ನಮ್ಮಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುವುದು ಇಲಿ, ಹೆಗ್ಗಣ. ದನಗಳಿಂದಲೂ ಬರುವುದುಂಟು. ಬಾವಲಿಗಳಲ್ಲಿ ಈ ಬ್ಯಾಕ್ಟೀರಿಯಾ ಹಲವು ದೇಶಗಳಲ್ಲಿ ಸಿಕ್ಕಿದ್ದರೂ ಮನುಷ್ಯನಿಗೆ ಅಲ್ಲಿಂದಲೇ ಬಂತೆಂದು ತೋರಿಸಿದ್ದು ತೀರ ವಿರಳ. ಇಷ್ಟೆಲ್ಲವನ್ನೂ ‘ವಾಹಕ’ ಒಂದೇ ಏಟಿಗೆ ಒರೆಸಿಹಾಕುತ್ತದೆ.

ಇನ್ನೊಂದು ಉದಾಹರಣೆಯಲ್ಲಿ ಗೊಂದಲ ಇನ್ನೂ ಚೆನ್ನಾಗಿ ಕಾಣುತ್ತದೆ. ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬಾವಲಿಯ ರಕ್ತದಲ್ಲಿರುತ್ತದೆ. ಬಾವಲಿಯ ಮೈಮೇಲೆ ಬದುಕುವ ರಕ್ತ ಹೀರುವ ನೊಣಗಳಿವೆ, ಕೆಲವಕ್ಕೆ ರೆಕ್ಕೆಯೇ ಇಲ್ಲ. ಅವು ಇದನ್ನು ಒಂದು ಬಾವಲಿಯಿಂದ ಇನ್ನೊಂದಕ್ಕೆ ದಾಟಿಸುತ್ತವೆ ಎಂದು ತಜ್ಞರ ಎಣಿಕೆ. ಅಮೆರಿಕದ ರೋಗಿಯೊಬ್ಬನ ಹೃದಯದ ಕವಾಟದಲ್ಲಿ ಸಿಕ್ಕಿದ ಒಂದು ಬಗೆಯ ಬಾರ್ಟೊನೆಲ್ಲಾ ಆಮೇಲೆ ಫಿನ್ಲೆಂಡಿನ ಬಾವಲಿಗಳಲ್ಲಿ ಪತ್ತೆಯಾಯಿತು. ಇಲ್ಲಿ ವಾಹಕ ಯಾರು? ನೊಣ ಎಂದರೆ ಬಾವಲಿಗೆ ಬೇರೆ ಪದ ಬೇಕು. ಬಾವಲಿ ಎಂದರೆ ನೊಣಕ್ಕೆ ಬೇರೆ ಬೇಕು. ಮಂಗನ ಕಾಯಿಲೆಗೂ ಇದೇ ಗ್ರಹಚಾರ: ಕಚ್ಚುವುದು ಉಣುಗು, ಸಾಯುವುದು ಮಂಗ, ಕೆಟ್ಟ ಹೆಸರೂ ಮಂಗನಿಗೇ.

ನನಗೆ ಹೊಳೆದ ಪದಗಳನ್ನು ಮುಂದಿಡುತ್ತೇನೆ. ಜಲಾಶಯ, ಮೂತ್ರಾಶಯ, ಪಿತ್ತಾಶಯಗಳ ಜಾಡಿನಲ್ಲಿ ‘ರೋಗಾಶಯ’ ಎಂದು ಒಮ್ಮೆ ಬರೆದುಕೊಂಡೆ. ವ್ಯಾಕರಣಕ್ಕೆ ದೋಷವಿಲ್ಲ. ಆದರೆ ಆಶಯ ಎಂದರೆ ಇಂದಿನ ಕನ್ನಡದಲ್ಲಿ ಹಾರೈಕೆ, ಉದ್ದೇಶ. ಸಭೆಯ ಕೊನೆಗೆ ‘ಎಲ್ಲರಿಗೂ ರೋಗಾಶಯ’ ಎಂದಂತೆ ಕೇಳಿಸಿತು. ‘ಆತಿಥೇಯ’ ಪುಸ್ತಕಗಳಲ್ಲಿದೆ, ಆದರೆ ಕರೆಯದೆ ಬಂದು ಮೂತ್ರಪಿಂಡದಲ್ಲಿ ಕುಳಿತವನಿಗೆ ಅತಿಥಿ ಎನ್ನಲು ನನಗೆ ಮನಸ್ಸಿಲ್ಲ.

ಕೊನೆಗೆ ನಿಂತದ್ದು ‘ನೆಲೆ’ ಮತ್ತು ‘ಬಿಡಾರ’. ತೋಟದ ಕೆಲಸಕ್ಕೆ ಬಂದವರು ಉಳಿದುಕೊಳ್ಳುವ ಮನೆಗೆ ನಮ್ಮಲ್ಲಿ ಬಿಡಾರ ಎನ್ನುತ್ತಾರೆ. ಕೆಲಸ ಮುಗಿದರೆ ಬಿಡಾರ ಖಾಲಿ. ಲೆಪ್ಟೊಸ್ಪೈರಾಕ್ಕೆ ಇಲಿ, ಬಾವಲಿಗಳು ನೆಲೆ. ಮನುಷ್ಯ ಬರಿಯ ಬಿಡಾರ: ಅಕಸ್ಮಾತ್ ಹೊಕ್ಕುತ್ತದೆ, ಹಾವಳಿ ಮಾಡುತ್ತದೆ, ಅಲ್ಲಿಂದ ಇನ್ನೊಬ್ಬ ಮನುಷ್ಯನಿಗೆ ದಾಟುವುದು ಬಲು ಅಪರೂಪ. ಹೀಗೆ ನೆಲೆಜೀವಿ, ಬಿಡಾರಜೀವಿ, ದಾಟಿಸುವ ಸೊಳ್ಳೆ-ನೊಣ-ಉಣುಗುಗಳಿಗೆ ಮಾತ್ರ ವಾಹಕ ಎಂದು ಮೂರನ್ನು ಬೇರೆ ಮಾಡಬಹುದೇ? ‘ನೆಲೆಜೀವಿ’ ಎಂದರೆ ನೆಲದ ಮೇಲೆ ಬದುಕುವ ಜೀವಿ ಎಂದು ಯಾರಾದರೂ ಓದಿಕೊಂಡಾರು ಎಂಬ ಅಳುಕು ಇದೆ. ತಲೆಕೆಳಗಾಗಿ ನೇತಾಡುವ ಪ್ರಾಣಿಗೆ ಅದು ಇನ್ನೂ ವಿಚಿತ್ರ.

ಈ ಪ್ರಶ್ನೆ ನನಗೆ ಬರಿಯ ನಿಘಂಟಿನದಲ್ಲ. ನಮ್ಮ ಮನೆಗೆ ನೀರು ಸುರಂಗದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಅಜ್ಜನ ಕಾಲದಲ್ಲಿ ಕೊರೆದದ್ದು, ಒಳಗೆ ಸಣ್ಣ ಬಾವಲಿಗಳ ಸಂಸಾರವೂ ಇದೆ. ಕರಪತ್ರ ಓದಿದ ನೆರೆಮನೆಯವರು ‘ವಾಹಕರನ್ನು’ ಹೊಗೆ ಹಾಕಿ ಓಡಿಸೋಣ ಎಂದರು. ನೀರನ್ನು ಕುದಿಸಿ ಕುಡಿಯೋಣ, ಅವು ಅಲ್ಲೇ ಇರಲಿ ಎಂದು ಒಪ್ಪಿಸಲು ನನಗೆ ಒಂದು ಸಂಜೆಯೇ ಹಿಡಿಯಿತು. ಕರಪತ್ರದಲ್ಲಿ ‘ನೆಲೆ’ ಎಂದಿದ್ದರೆ ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲವೇನೋ.

ಜತೆಗೆ ಎರಡು ಸಣ್ಣ ಪ್ರಶ್ನೆಗಳು. ಸಣ್ಣ ಬಾವಲಿಗೆ ಮಲಯಾಳದಲ್ಲಿ ‘ನರಿಚ್ಚೀರ್’ ಎಂಬ ಪ್ರತ್ಯೇಕ ಹೆಸರಿದೆ. ಕನ್ನಡದ ‘ಕಪ್ಪಡಿ’ಯನ್ನು ಈಗಲೂ ಯಾವ ಊರಿನಲ್ಲಾದರೂ ಸಣ್ಣದಕ್ಕೆಂದೇ ಆಡುತ್ತಾರೆಯೇ? ಮತ್ತೆ, ಪ್ರಾಣಿ ತಾನು ಕಾಯಿಲೆ ಬೀಳದೆ ರೋಗಾಣುವನ್ನು ಮೂತ್ರದಲ್ಲೋ ಹಿಕ್ಕೆಯಲ್ಲೋ ದಿನವೂ ಹೊರಬಿಡುತ್ತದಲ್ಲ, ಅದಕ್ಕೆ ‘ವಿಸರ್ಜಿಸು’ ಬಿಟ್ಟು ಹಳ್ಳಿಯ ಮಾತೊಂದು ಬೇಕು. ‘ಸೂಸು’ ಎಂದರೆ ಪರಿಮಳದ ನೆನಪಾಗುತ್ತದೆ, ‘ಉದುರಿಸು’ ನೀರಿಗೆ ಒಗ್ಗುವುದಿಲ್ಲ. ದನ ಸಾಕುವವರ ಬಾಯಲ್ಲಿ ಏನಾದರೂ ಇದೆಯೇ?