ಅಪ್‌ಡೇಟ್: ಅಕ್ಕಂಗೆ ಹಿಪ್ನಾಸಿಸ್ ಮಾಡ್ಸಿದ್ವಿ

ನಮ್ಮಕ್ಕನ ಪ್ಯಾನಿಕ್ ಅಟ್ಯಾಕ್‌ಗೆ ಹಿಪ್ನಾಸಿಸ್ (ಸಮ್ಮೋಹನ) ಮಾಡ್ಸ್ಬೋದಾ, ಸೈಡ್ ಎಫೆಕ್ಟ್ ಇದ್ಯಾ ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟೋರಿಗೆಲ್ಲಾ ಥ್ಯಾಂಕ್ಸ್. ಸೈಕಿಯಾಟ್ರಿಸ್ಟ್ ಹತ್ರಾನೇ ಹೋದ್ವಿ. ಅವ್ರು ಮೊದ್ಲು ಕೇಳಿದ್ದೇ ಯಾರೂ ಇಲ್ದಾಗ ದನಿ ಕೇಳ್ಸುತ್ತಾ, ಏನೇನೋ ಅನುಮಾನ ಬರುತ್ತಾ ಅಂತ, ಯಾಕಂದ್ರೆ ಸೈಕೋಸಿಸ್ (ಯಾವ್ದು ನಿಜ, ಯಾವ್ದು ಭ್ರಮೆ ಅಂತ ಗೊತ್ತಾಗ್ದಿರೋ ಸ್ಥಿತಿ) ಇರೋರಿಗೆ ಇದು ತೊಂದ್ರೆ ಜಾಸ್ತಿ ಮಾಡ್ಬೋದಂತೆ. ಉಳಿದೋರಲ್ಲಿ ಕೆಲವ್ರಿಗೆ ತಲೆನೋವು, ತಲೆಸುತ್ತು, ಮಂಪರು, ಒಂದೊಂದ್ಸಲ ಗಾಬರಿ ಆಗ್ಬೋದಂತೆ. ಅಕ್ಕ ಸೆಷನ್ ಆದ್ಮೇಲೆ ತಲೆ ಭಾರ ಅಂದ್ಲು, ಸಂಜೆಗೆ ಸರಿಹೋಯ್ತು, ಸ್ಕೂಟಿ ಮಾತ್ರ ನಾನೇ ಓಡ್ಸ್ದೆ.

ಎಚ್ಚರಾನೇ ಆಗ್ದಿದ್ರೆ ಅಂತ ಅಮ್ಮ ಹೆದ್ರಿದ್ರು, ಹಂಗೇನಿಲ್ಲ, ಅವ್ಳಿಗೆ ರಸ್ತೆ ಹಾರ್ನ್ ಕೂಡ ಕೇಳ್ತಿತ್ತಂತೆ.

ನನಗೆ ಭಯ ಆಗೋದು 'ಮರೆತ ನೆನಪು ತೆಗೀತೀವಿ, ಹಿಂದಿನ ಜನ್ಮ ತೋರಿಸ್ತೀವಿ' ಅನ್ನೋರನ್ನ ನೋಡಿದ್ರೆ. ನಡೀದೇ ಇರೋದೂ ನಡೆದಂಗೆ ನೆನಪಾಗ್ಬಿಡುತ್ತೆ, ಆಮೇಲೆ ಅದನ್ನೇ ಗಟ್ಟಿಯಾಗಿ ನಂಬ್ತಾರೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1985ರಲ್ಲೇ ಹಿಪ್ನಾಸಿಸ್‌ನಲ್ಲಿ ಬಂದ ನೆನಪು ಮಾಮೂಲಿ ನೆನಪಿಗಿಂತ ನಂಬಿಕಸ್ಥ ಅಲ್ಲ ಅಂದಿದೆ. ನಮ್ ಡಾಕ್ಟ್ರು ಹಳೇದು ಕೆದಕೋ ತಂಟೆಗೇ ಹೋಗ್ಲಿಲ್ಲ, ಉಸಿರು, ರಿಲ್ಯಾಕ್ಸ್ ಅಷ್ಟೇ. ಮಾತ್ರೆ ನಿಲ್ಸಿಲ್ಲ. ಅಟ್ಯಾಕ್ ಕಮ್ಮಿ ಆಗಿದೆ, ಅದು ಮಾತ್ರೆಯಿಂದ್ಲೋ ಇದ್ರಿಂದ್ಲೋ ಹೇಳೋಕಾಗಲ್ಲ.