ಕೇರಳದ್ದೂ ಉಂಟು, ದುಬೈದೂ ಉಂಟು, ಇಂಗ್ಲೆಂಡಲ್ಲಿ ಯಾವ ಲೈಸನ್ಸು ನಡೀತದೆ?

ಪೆರ್ಲದವ:
ಎಲ್ರಿಗೂ ನಮಸ್ಕಾರ. ಹೆಂಡ್ತಿ ಆರು ತಿಂಗಳ ಹಿಂದೆ ನರ್ಸ್ ಕೆಲ್ಸಕ್ಕೆ ಇಂಗ್ಲೆಂಡಿಗೆ ಹೋಗಿದ್ದಾಳೆ, ಬರುವ ತಿಂಗಳು ನಾನೂ ಮಕ್ಕಳೂ ಹೊರಡುವುದು. ಅವಳ ಡ್ಯೂಟಿ ಬೆಳಿಗ್ಗೆ ಏಳೂವರೆಗೆ ಶುರು, ಅಷ್ಟೊತ್ತಿಗೆ ಬಸ್ಸು ಸರಿ ಇಲ್ವಂತೆ, ಹೋದ ಕೂಡ್ಲೇ ಒಂದು ಹಳೇ ಕಾರು ತೆಗೀಬೇಕು ಅಂತ ಉಂಟು. ನನ್ನತ್ರ ಲೈಸನ್ಸ್ ಎರಡುಂಟು. ಒಂದು ನಮ್ಮ ಕಾಸರಗೋಡಿನ ಕೆಎಲ್ 14ರದ್ದು, 2006ರಲ್ಲಿ ಟೆಸ್ಟಿಗೆ ಕಾರಲ್ಲಿ ಎಚ್ ಅಕ್ಷರದ ಹಾಗೆ, ಬೈಕಲ್ಲಿ ಎಂಟರ ಹಾಗೆ ಓಡಿಸಿ ತೆಗೆದದ್ದು. ಇನ್ನೊಂದು ದುಬೈದು, ಅಲ್ಲಿ ಎಂಟು ವರ್ಷ ಇದ್ದೆ, ಮೂರು ಸಲ ಫೇಲಾಗಿ ನಾಲ್ಕನೇ ಸಲ ಸಿಕ್ಕಿದ್ದು, ಆ ಕ್ಲಾಸಿಗೆಲ್ಲ ಸುರಿದ ದುಡ್ಡಲ್ಲಿ ತೋಟಕ್ಕೆ ನೀರಿನ ಒಂದು ಸುರಂಗ ತೋಡಿಸಬಹುದಿತ್ತು. ಈಗ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಟಿಕೆಟ್ ಮಾಡಿಕೊಟ್ಟವ ಹೇಳ್ತಾನೆ ಇಂಟರ್‌ನ್ಯಾಶನಲ್ ಪರ್ಮಿಟ್ ಒಂದು ಮಾಡಿಸಿದ್ರೆ ಸಾಕು ಮತ್ತೆ ಎಂತದೂ ಬೇಡ ಅಂತ, ಭಾವ ಹೇಳ್ತಾರೆ ಕೇರಳದ್ದು ಕೊಟ್ರೆ ಅವರದ್ದು ಕೊಡ್ತಾರೆ, ಬರೀ ಫೀಸು ಕಟ್ಟುವುದು ಅಂತ. ಅಲ್ಲಿ ಇದ್ದವರು ಯಾರಾದ್ರೂ ಸರಿ ಹೇಳಿ ಮಾರಾಯ್ರೆ.

ಬದಿಯಡ್ಕ ಎಕ್ಸ್‌ಪ್ರೆಸ್:
ಭಾವನಿಗೂ ಟಿಕೆಟಿನವನಿಗೂ ಇಬ್ರಿಗೂ ಗೊತ್ತಿಲ್ಲ. ಇಂಡಿಯಾದ ಲೈಸನ್ಸು ಇಲ್ಲಿ ಬದಲಾಯಿಸಿ ಕೊಡುವುದಿಲ್ಲ, ಬದಲಾಯಿಸಿ ಕೊಡುವ ದೇಶಗಳ ಪಟ್ಟಿಯಲ್ಲೇ ಇಲ್ಲ. ಅದ್ರಲ್ಲಿ 12 ತಿಂಗಳು ಓಡಿಸ್ಬಹುದು, ಅದೂ ನೀವು ಇಲ್ಲಿ ವಾಸಕ್ಕೆ ಬಂದ ದಿನದಿಂದ ಲೆಕ್ಕ, ಕಾರು ತೆಗೆದ ದಿನದಿಂದ ಅಲ್ಲ. ಲೈಸನ್ಸ್ ಇಂಗ್ಲಿಷಲ್ಲೇ ಇರುವ ಕಾರಣ ಪರ್ಮಿಟ್ಟಿಗೆ ಸಾವಿರ ರೂಪಾಯಿ ಕೊಡುವುದೂ ದಂಡ.

ಆದ್ರೆ ನಿಮ್ಮತ್ರ ಚಿನ್ನ ಇರುವುದು ಆ ದುಬೈ ಕಾರ್ಡಲ್ಲಿ. 2021ರಲ್ಲಿ ಯುಎಇಯನ್ನು ಪಟ್ಟಿಗೆ ಸೇರಿಸಿದ್ದಾರೆ. ಡಿ1 ಅಂತ ಒಂದು ಫಾರ್ಮ್, ಪೋಸ್ಟ್ ಆಫೀಸಲ್ಲೇ ಸಿಗ್ತದೆ, ತುಂಬಿಸಿ 43 ಪೌಂಡು ಕಟ್ಟಿ ದುಬೈ ಲೈಸನ್ಸಿನ ಒರಿಜಿನಲ್ ಸಮೇತ ಸ್ವಾನ್ಸೀಯಲ್ಲಿರುವ ಲೈಸನ್ಸ್ ಆಫೀಸಿಗೆ (ಡಿವಿಎಲ್‌ಎ) ಕಳಿಸ್ಬೇಕು. ಟೆಸ್ಟ್ ಇಲ್ಲ, ಎಂತ ಇಲ್ಲ. ಕಳಿಸುವ ಮೊದ್ಲು ಎರಡೂ ಬದಿಯ ಫೋಟೋ ತೆಗೆದಿಡಿ. ಎರಡು ವಿಷಯ ನೋಡ್ಕೊಳ್ಳಿ, ಒಂದು ಕಾರ್ಡಿನ ಡೇಟ್ ಮುಗಿದಿರಬಾರದು, ಇನ್ನೊಂದು ಅಲ್ಲೇ ಟೆಸ್ಟ್ ಕೊಟ್ಟು ತೆಗೆದದ್ದಾಗಿರಬೇಕು. ನಾಲ್ಕು ಸಲ ಕೊಟ್ಟಿದ್ದೀರಿ, ಅದಕ್ಕೆ ಯಾರೂ ಸಂಶಯ ಪಡ್ಲಿಕ್ಕಿಲ್ಲ 😄

ಕುಂಬ್ಳೆ ಅಕ್ಕ:
ನನ್ನ ಕಥೆ ಹೇಳ್ತೇನೆ, ಕೇಳಿ ನಗಬೇಡಿ. ನನ್ನತ್ರ ಇದ್ದದ್ದು ಬರೀ ಊರಿನ ಲೈಸನ್ಸು. ಒಂದು ವರ್ಷ ಉಂಟಲ್ಲ ಅಂತ ಆರಾಮಲ್ಲಿ ಓಡಿಸಿಕೊಂಡು ಇದ್ದೆ, ಒಂಬತ್ತನೇ ತಿಂಗಳಿಗೆ ಎಚ್ಚರ ಆಗಿ ಪ್ರೊವಿಶನಲ್‌ಗೆ, ಅಂದ್ರೆ ಇಲ್ಲಿನ ಕಲಿಯುವವರ ಲೈಸನ್ಸಿಗೆ ಹಾಕಿದ್ದು, ಆನ್‌ಲೈನಲ್ಲಿ 34 ಪೌಂಡು. ಥಿಯರಿಯಲ್ಲಿ 50 ಪ್ರಶ್ನೆಗೆ 43 ಸರಿ ಬೇಕು, ಅದು ಓದಿದ್ರೆ ಆಗ್ತದೆ. ಮತ್ತೆ ವಿಡಿಯೋ ಹಾಕ್ತಾರೆ, ಅಪಾಯ ಬರುವುದು ಕಂಡ ಕೂಡ್ಲೇ ಮೌಸ್ ಕ್ಲಿಕ್ ಮಾಡ್ಬೇಕು, 75ಕ್ಕೆ 44 ಬೇಕು. ಕುಂಬ್ಳೆಯ ಹೈವೇಯಲ್ಲಿ ಓಡಿಸಿದವರಿಗೆ ಕಂಡದ್ದೆಲ್ಲ ಅಪಾಯವೇ ಅಲ್ವಾ, ನಾನು ಒಂದೇ ಸಮ ಕ್ಲಿಕ್ ಕ್ಲಿಕ್ ಮಾಡಿದೆ, ಜಾಸ್ತಿ ಒತ್ತಿದ್ರೆ ಆ ಕ್ಲಿಪ್ಪಿಗೆ ಸೊನ್ನೆ ಅಂತ ಯಾರಿಗೆ ಗೊತ್ತು. ಹೇಗೋ ಪಾಸಾಯ್ತು.

ಪ್ರಾಕ್ಟಿಕಲ್‌ಗೆ ಡೇಟೇ ಇಲ್ಲ, ಐದು ತಿಂಗಳಾಚೆಗೆ ಸಿಕ್ಕಿತು. ಅಷ್ಟರಲ್ಲಿ ವರ್ಷ ಮುಗೀತು, ಹದಿನೈದು ವರ್ಷ ಕಾರು ಬಿಟ್ಟವಳು ಎಲ್ ಬೋರ್ಡು ಕಟ್ಟಿಕೊಂಡು ಕೂತೆ. ಪಕ್ಕದಲ್ಲಿ ಕೂರುವವರಿಗೆ ಲೈಸನ್ಸ್ ಸಿಕ್ಕಿ ಮೂರು ವರ್ಷ ಆಗಿರಬೇಕು, ನಮ್ಮ ಯಜಮಾನ್ರಿಗೆ ಆಗ ಎರಡೇ ಆದದ್ದು. ಹಾಗಾಗಿ ಮನೆ ಎದುರು ಕಾರು ಇದ್ರೂ ಇನ್‌ಸ್ಟ್ರಕ್ಟರಿಗೆ ಗಂಟೆ ಲೆಕ್ಕದಲ್ಲಿ ದುಡ್ಡು.

ಮೊದಲ ಟೆಸ್ಟ್ ಹೋದದ್ದು ಮಿನಿ ರೌಂಡಬೌಟಲ್ಲಿ. ರೋಡಲ್ಲಿ ಬಿಳಿ ಪೈಂಟಿನ ಒಂದು ಚುಕ್ಕೆ, ದೋಸೆ ಕಾವಲಿಗೆಯಷ್ಟು ದೊಡ್ಡದು ಕೂಡ ಕಾಣುದಿಲ್ಲ ದೂರದಿಂದ. ಬಲಗಡೆಯಿಂದ ಬರುವವನಿಗೆ ಬಿಡ್ಬೇಕು, ನಾನು ಅವ ನಿಧಾನ ಬರ್ತಾ ಇದ್ದಾನಲ್ಲ ಅಂತ ನುಗ್ಗಿಸಿದೆ. ಎಕ್ಸಾಮಿನರ್ ಒಂದು ಮಾತೂ ಆಡ್ಲಿಲ್ಲ, ಟ್ಯಾಬಲ್ಲಿ ಒಮ್ಮೆ ಬೆರಳು ಒತ್ತಿದ್ರು. ಅಲ್ಲಿಗೆ ಮುಗೀತು. ಸಣ್ಣ ತಪ್ಪು ಹದಿನೈದರವರೆಗೆ ನಡೀತದೆ, ಇಂಥದ್ದು ಒಂದಾದ್ರೆ ಔಟ್. ಎಡಬದಿ ಓಡಿಸುವುದೇ ಅಲ್ವಾ ನಮ್ಮ ಹಾಗೇ, ಅಂತ ಧೈರ್ಯ ಮಾಡ್ಬೇಡಿ.

ಪೆರ್ಲದವ:
ಅಕ್ಕಾ, ನಗದೆ ಇರ್ಲಿಕ್ಕೆ ಆಗ್ಲಿಲ್ಲ, ಕ್ಷಮಿಸಿ. ದುಬೈ ಕಾರ್ಡ್ ಈಗ ತೆಗೆದು ನೋಡಿದೆ, ಡೇಟ್ ಇನ್ನೂ ಏಳು ತಿಂಗಳುಂಟು. ಆದ್ರೆ ನಾನು ಅಲ್ಲಿ ಟೆಸ್ಟ್ ಕೊಟ್ಟದ್ದು ಆಟೋಮ್ಯಾಟಿಕ್‌ನಲ್ಲಿ. ತೊಂದ್ರೆ ಉಂಟಾ?

ಬದಿಯಡ್ಕ ಎಕ್ಸ್‌ಪ್ರೆಸ್:
ತೊಂದ್ರೆ ಅಂತಲ್ಲ, ಇಲ್ಲಿ ಕೊಡುವುದೂ ಆಟೋಮ್ಯಾಟಿಕ್‌ಗೆ ಮಾತ್ರ. ಗೇರ್ ಕಾರು ಬೇಕಾದ್ರೆ ಟೆಸ್ಟ್ ಕೊಡ್ಬೇಕು. ಹಾಗಾಗಿ ಹಳೇ ಕಾರು ನೋಡುವಾಗಲೇ ಆಟೋಮ್ಯಾಟಿಕ್ ನೋಡಿ. ಬದಲಾಯಿಸ್ಲಿಕ್ಕೆ ಐದು ವರ್ಷ ಟೈಮ್ ಕೊಡ್ತಾರೆ, ಆದ್ರೆ ನಿಮ್ಮ ಕಾರ್ಡಿಗೆ ಏಳೇ ತಿಂಗಳಲ್ವಾ, ಬಂದು ವಿಳಾಸ ಸರಿ ಆದ ವಾರವೇ ಕಳಿಸಿಬಿಡಿ.

ಮತ್ತೊಂದು, 2006ರದ್ದು ಅಂದ್ರಿ. ಆಗಿನ ಲೈಸನ್ಸಿಗೆ ಇಪ್ಪತ್ತು ವರ್ಷ, ಲೆಕ್ಕ ಹಾಕಿ ನೋಡಿದ್ರಾ?

ಪೆರ್ಲದವ:
ಅಯ್ಯೋ ದೇವ್ರೇ. ಪ್ಲಾಸ್ಟಿಕ್ ಕವರೊಳಗೆ ಅಕ್ಷರ ಮಾಸಿ ಹೋಗಿದೆ, ಟಾರ್ಚ್ ಹಿಡಿದು ನೋಡಿದೆ. ಬರುವ ತಿಂಗಳ 19ಕ್ಕೆ ಮುಗೀತದೆ, ನನ್ನ ಫ್ಲೈಟು 22ಕ್ಕೆ.

ಕುಂಬ್ಳೆ ಅಕ್ಕ:
ಗಾಬರಿ ಬೇಡ, ಮುಗಿಯುವ ಒಂದು ವರ್ಷ ಮೊದ್ಲೇ ರಿನ್ಯೂ ಮಾಡ್ಲಿಕ್ಕೆ ಬಿಡ್ತಾರೆ. ಮುಗಿದು ಒಂದು ವರ್ಷ ದಾಟಿದ್ರೆ ಮಾತ್ರ ಪುನಃ ಎಚ್ ಹಾಕ್ಬೇಕಾಗ್ತದೆ. ಪರಿವಾಹನ್ ಸಾರಥಿ ವೆಬ್‌ಸೈಟಲ್ಲಿ ಅರ್ಜಿ, ಡಾಕ್ಟ್ರ ಸರ್ಟಿಫಿಕೇಟು. ಹೆಸ್ರು ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಉಂಟಾ ನೋಡಿ, ನಂದ್ರಲ್ಲಿ ಊರಿನ ಹೆಸ್ರಿನ ಕೊನೆಗೆ ಒಂದು ಅಂ ಸೇರಿಸಿ ಇಟ್ಟಿದ್ರು, ಇಲ್ಲಿ ಇನ್ಶೂರೆನ್ಸಿನವರಿಗೆ ಅದು ಒಂದೇ ಊರು ಅಂತ ವಿವರಿಸಿ ಸುಸ್ತಾಯ್ತು.

ಪೆರ್ಲದವ:
ನನ್ನದ್ರಲ್ಲಿ ಇನಿಶಿಯಲ್ ಹಿಂದೆ ಮುಂದೆ ಆಗಿದೆ, ಅದನ್ನೂ ಒಟ್ಟಿಗೇ ಸರಿ ಮಾಡಿಸ್ತೇನೆ. ನಾಳೆ ಬೆಳಿಗ್ಗೆಯೇ ಡಾಕ್ಟ್ರ ಹತ್ರ. ಭಾವನೂ ಬರ್ತೇನೆ ಅಂದ್ರು, ಅವರ ಲೈಸನ್ಸ್ ಮುಗಿದು ಎಷ್ಟು ವರ್ಷ ಆಯ್ತು ಅಂತ ಅವರಿಗೇ ನೆನಪಿಲ್ಲ.