‘ಹ್ಯಾವ್ ಗಾನ್’ ಯಾವಾಗ, ‘ವೆಂಟ್’ ಯಾವಾಗ?

ಬದಿಯಡ್ಕದ ಅಮ್ಮ:
ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಇಂಗ್ಲಿಷ್ ಅವಳಿಗೆ ನಾಲ್ಕನೇ ಭಾಷೆ. ಬೇಕಲ ಕೋಟೆ ನೋಡಿ ಬಂದದ್ದರ ಬಗ್ಗೆ ಪ್ರಬಂಧ ಬರೆದಳು. ಮೊದಲ ಸಾಲು: ‘ವಿ ಹ್ಯಾವ್ ಗಾನ್ ಟು ಬೇಕಲ್ ಫೋರ್ಟ್ ಲಾಸ್ಟ್ ಸಂಡೇ’. ಟೀಚರ್ ‘ಹ್ಯಾವ್ ಗಾನ್’ ಹೊಡೆದುಹಾಕಿ ‘ವೆಂಟ್’ ಅಂತ ಬರೆದಿದ್ದಾರೆ. ಯಾಕೆ ಅಂತ ಹೇಳಿಲ್ಲ. ‘ಕಳೆದ ಆದಿತ್ಯವಾರ ಹೋಗಿದ್ದೇವೆ’ ಅಂತ ನಾವು ಹೇಳ್ತೇವಲ್ಲ, ಅದನ್ನೇ ಬರೆದೆ ಅಂತ ಇವಳ ವಾದ. ಸುಮ್ನೆ ಬಾಯಿಪಾಠ ಮಾಡಿಸಲು ನನಗೆ ಮನಸ್ಸಿಲ್ಲ. ಹೇಗೆ ವಿವರಿಸಲಿ?

ಕುಂಬಳೆ ಮೇಷ್ಟ್ರು:
ಹುಡುಗಿಯ ಮಾತಿನಲ್ಲಿ ಹುರುಳಿದೆ. ಕನ್ನಡದಲ್ಲಿ ‘ಹೋದೆವು’, ‘ಹೋಗಿದ್ದೇವೆ’ ಎರಡೂ ‘ಮೊನ್ನೆ’ಯ ಜೊತೆ ನಡೆಯುತ್ತವೆ. ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ‘ಯೆಸ್ಟರ್‌ಡೇ’, ‘ಲಾಸ್ಟ್ ಸಂಡೇ’, ‘ಇನ್ 1984’ ಅಂತ ಮುಗಿದ ಹೊತ್ತನ್ನು ಹೆಸರಿಸಿದರೆ ಸಿಂಪಲ್ ಪಾಸ್ಟೇ, ಅಂದರೆ ‘ವೆಂಟ್’ನಂಥ ಬರೀ ಭೂತಕಾಲದ ರೂಪವೇ, ಬರಬೇಕು. ಯಾವಾಗ ಅಂತ ಹೇಳದೆ, ನೋಡಿದ್ದೇನೆ ಅಂತಷ್ಟೇ ಹೇಳುವುದಾದರೆ ‘ಐ ಹ್ಯಾವ್ ಸೀನ್ ಬೇಕಲ್ ಫೋರ್ಟ್’.

ಇನ್ನೊಂದು ಸೂಕ್ಷ್ಮ ಉಂಟು. ‘ದೇ ಹ್ಯಾವ್ ಗಾನ್’ ಅಂದರೆ ಹೋದವರು ಇನ್ನೂ ವಾಪಸ್ ಬಂದಿಲ್ಲ. ಹೋಗಿ ಬಂದಾಗಿದ್ದರೆ ‘ಹ್ಯಾವ್ ಬೀನ್ ಟು’.

ಆ ಕೋಟೆಯನ್ನೇ ಹಿಡಿದು ಹೇಳಿಕೊಡಿ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು 17ನೇ ಶತಮಾನದಲ್ಲಿ. ಆ ಕೆಲಸ ಅಂದೇ ಮುಗಿಯಿತು, ಹಾಗಾಗಿ ‘ಶಿವಪ್ಪ ನಾಯಕ ಬಿಲ್ಟ್ ಇಟ್’. ಕೋಟೆ ಇವತ್ತಿಗೂ ನಿಂತಿದೆ, ಹಾಗಾಗಿ ‘ಇಟ್ ಹ್ಯಾಸ್ ಸ್ಟುಡ್ ದೇರ್ ಫಾರ್ ಓವರ್ ತ್ರೀ ಹಂಡ್ರೆಡ್ ಇಯರ್ಸ್’. ನಾಳೆ ಅದು ಬಿದ್ದುಹೋದರೆ (ಬೀಳದಿರಲಿ!) ಆಮೇಲೆ ‘ಹ್ಯಾಸ್’ ಇಲ್ಲ, ಬರೀ ‘ಸ್ಟುಡ್’. ಈ ಎರಡು ವಾಕ್ಯ ಅಕ್ಕಪಕ್ಕ ಬರೆಸಿ, ವ್ಯತ್ಯಾಸ ಅವಳೇ ಹೇಳಲಿ. ನಮ್ಮ ಗಡಿನಾಡಿನ ಮಕ್ಕಳು ಜಾಣರು. ಕಾರಣ ಸಿಕ್ಕರೆ ಮರೆಯುವುದಿಲ್ಲ.

ಉಪ್ಪಳದವ:
ನಮ್ಮ ಮನೆಯಲ್ಲಿ ‘ಡಿಡ್ ನಾಟ್ ವೆಂಟ್’ ಕಾಟ ಜಾಸ್ತಿ. ಭೂತಕಾಲವನ್ನು ‘ಡಿಡ್’ ಒಂದೇ ಹೊತ್ತರೆ ಸಾಕು, ಮುಂದಿನದು ‘ಗೋ’ ಅಂತ ಹೇಳಿದ ಮೇಲೆ ಕಡಿಮೆಯಾಯಿತು.

ಬದಿಯಡ್ಕದ ಅಮ್ಮ:
ತುಂಬಾ ಉಪಕಾರ ಆಯಿತು ಮೇಷ್ಟ್ರೇ. ‘ಬಿಲ್ಟ್’, ‘ಹ್ಯಾಸ್ ಸ್ಟುಡ್’ ಅವಳಿಗೆ ಕೂಡಲೇ ಅರ್ಥವಾಯಿತು. ಹಾಗಾದರೆ ‘ಐ ಆಮ್ ಸ್ಟಡಿಯಿಂಗ್ ಹಿಯರ್ ಸಿನ್ಸ್ 2019’ ಸರಿಯಾ ಅಂತ ಕೇಳ್ತಿದ್ದಾಳೆ.

ಕುಂಬಳೆ ಮೇಷ್ಟ್ರು:
ಒಳ್ಳೇ ಪ್ರಶ್ನೆ. ‘ಓದುತ್ತಿದ್ದೇನೆ’ ಅಂತ ಕನ್ನಡದಲ್ಲಿ ಇರುವುದರಿಂದ ‘ಆಮ್’ ಅನಿಸುತ್ತದೆ. ಆದರೆ ಆಗ ಶುರುವಾದದ್ದು ಈಗಲೂ ನಡೆಯುತ್ತಿದೆ ಅಲ್ವಾ? ಅದಕ್ಕೆ ‘ಐ ಹ್ಯಾವ್ ಬೀನ್ ಸ್ಟಡಿಯಿಂಗ್ ಹಿಯರ್ ಸಿನ್ಸ್ 2019’. ಶುರುವಾದ ಇಸವಿಗೆ ‘ಸಿನ್ಸ್’, ಎಷ್ಟು ವರ್ಷ ಅನ್ನುವುದಕ್ಕೆ ‘ಫಾರ್’.